ಇಕ್ಕೇರಿಯ ಜಗಲಿಯಲ್ಲಿ ಇಟಲಿಯವನ ಕಾಗದ

ಸಾಗರದಲ್ಲಿ ನೆಂಟರ ಮದುವೆ. ಊಟ ಮುಗಿದರೂ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ನೆ ಕೂರೋದ್ಯಾಕೆ ಅಂತ ಚಿಕ್ಕಮ್ಮನನ್ನು ಹೊರಡಿಸಿಕೊಂಡು ಆಟೋದಲ್ಲಿ ಇಕ್ಕೇರಿಗೆ ಹೋದೆ. ಅಘೋರೇಶ್ವರ ದೇವಸ್ಥಾನದ ಒಳಗೆ ನೆಲದ ಕಲ್ಲಿನಲ್ಲಿ ಕೆಳದಿಯ ನಾಯಕರು ಕೈ ಮುಗಿದು ಉದ್ದಂಡ ಮಲಗಿದ್ದಾರೆ. ಓಡಾಡಿದವರ ಕಾಲಿಗೆ ಸಿಕ್ಕಿ ಮೈ ಸವೆದಿದೆ. ಚಿಕ್ಕಮ್ಮ ಅವರನ್ನು ತುಳಿಯದೆ ಬದಿಯಿಂದ ಸುತ್ತು ಹಾಕಿ ಬಂದಳು.

ಪಿಯೆತ್ರೊ ದೆಲ್ಲ ವಾಲೆ ಅನ್ನುವ ರೋಮಿನ ಸಿರಿವಂತ 1623ರ ನವೆಂಬರಿನಲ್ಲಿ ಇಲ್ಲಿಗೆ ಬಂದಿದ್ದ. ಪೋರ್ಚುಗೀಸರ ರಾಯಭಾರಿಯ ಜೊತೆ ಗೋವಾದಿಂದ ಹೊರಟು, ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಊರಿಗೆ. ಕಂಡದ್ದನ್ನೆಲ್ಲ ನೇಪಲ್ಸಿನ ವೈದ್ಯ ಗೆಳೆಯನಿಗೆ ಕಾಗದ ಬರೆದ. ಇಂಗ್ಲಿಷಿನ ಹಳೆ ಅನುವಾದ ಫೋನಿನಲ್ಲಿತ್ತು. ಜಗಲಿಯಲ್ಲಿ ಕೂತು ಚಿಕ್ಕಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

ಊರ ಸುತ್ತ ದಟ್ಟ ಬಿದಿರಿನ ಬೇಲಿ. ಬೀದಿಯಲ್ಲಿ ಹುಡುಗಿಯರು ಬಣ್ಣದ ಕೋಲು ಹಿಡಿದು ಸುತ್ತು ಕಟ್ಟಿ ಕುಣಿಯುತ್ತಿದ್ದಾರೆ. ಒಬ್ಬಳು ಪದ ಹೇಳಿದರೆ ಉಳಿದವರು "ಕೋಲೇ ಕೋಲೇ" ಅಂತ ದನಿಗೂಡಿಸುತ್ತಾರೆ. ಚಿಕ್ಕಮ್ಮ ಅಲ್ಲೇ ಎರಡು ಸಾಲು ಗುನುಗಿದಳು.

ಆಮೇಲೆ ಜಕ್ಕಮ್ಮನ ಕತೆ ಬಂತು. ಗಂಡ ನಗಾರಿ ಬಾರಿಸುವವನು, ತೀರಿಕೊಂಡಿದ್ದ. ಅವಳು ಸಹಗಮನಕ್ಕೆ ನಿಂತಿದ್ದಳು. ದೆಲ್ಲ ವಾಲೆ ಅವಳನ್ನು ಕಂಡು, ಸಣ್ಣ ಮಕ್ಕಳನ್ನು ಬಿಟ್ಟು ಹೋಗ್ತೀಯಲ್ಲ ಅಂತ ಕೇಳಿದ. ಬೇಡ ಅಂದ. ಅವಳು ಮನಸ್ಸು ಬದಲಿಸಲಿಲ್ಲ. ಕೊನೆಗೆ, ನಿನ್ನ ಹೆಸರು ಲೋಕದಲ್ಲಿ ಉಳಿಯುವ ಹಾಗೆ ಪದ್ಯ ಬರೀತೀನಿ ಅಂತ ಮಾತು ಕೊಟ್ಟ.

"ಇವನ ಹೆಂಡತಿ ಎಲ್ಲಿದ್ಲು?" ಚಿಕ್ಕಮ್ಮ ಕೇಳಿದಳು.

ಹೇಳಿದೆ. ಬಾಗ್ದಾದಿನಲ್ಲಿ ಮದುವೆಯಾದ ಸಿತ್ತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಳು. ಅವಳ ದೇಹಕ್ಕೆ ಔಷಧಿ ಹಚ್ಚಿಸಿ, ಪೆಟ್ಟಿಗೆಯಲ್ಲಿಟ್ಟು, ಇಂಡಿಯಾಕ್ಕೂ ತಂದು, ವರ್ಷಗಟ್ಟಲೆ ಜೋಪಾನ ಮಾಡಿ, ರೋಮಿನಲ್ಲಿ ಮಣ್ಣು ಮಾಡಿದ.

"ಹೆಂಡತಿ ಹೆಣ ಇಟ್ಕೊಂಡು ದೇಶ ತಿರುಗಿದವನು, ಮಾರಾಯ! ಅವನ ಬಗ್ಗೆ ಇಕ್ಕೇರಿಯವರು ಯಾರೂ ಬರೀಲಿಲ್ವಾ?"

ಬರೆಯಲಿಲ್ಲ. ಬರೆದಿದ್ದರೆ ಇಟಲಿಯವರೆಲ್ಲ ಹೆಣ ಹೊರುವವರು ಅಂತ ನಮ್ಮ ಕಡೆ ನಂಬಿಕೊಂಡಿರುತ್ತಿದ್ದರೋ ಏನೋ. ಆ ಕಡೆ ಆಗಿದ್ದು ಇದೇ ಅಲ್ವಾ? ಲುದೋವಿಕೊ ದಿ ವರ್ತೆಮಾ ಅನ್ನುವ ಇಟಲಿಯ ಪ್ರವಾಸಿ 1510ರಲ್ಲಿ, ಕಲ್ಲಿಕೋಟೆಯ ರಾಜ ಕೊಂಬು, ಕಿರೀಟ ಇರುವ ದೆವ್ವವನ್ನು ಪೂಜಿಸುತ್ತಾನೆ ಅಂತ ಬರೆದ. ಕಲ್ಲಿಕೋಟೆಯನ್ನೇ ಕಾಣದ ಚಿತ್ರಕಾರರು ತಮ್ಮ ಚರ್ಚಿನ ಗೋಡೆಯ ಸೈತಾನನನ್ನೇ ಅದಕ್ಕೆ ಇಳಿಸಿದರು. ಸತಿ ಹೋಗುವ ಚಿತ್ರವೂ ಅಷ್ಟೇ, ಡಚ್ಚರ ಲಿನ್ಸ್‌ಖೋಟನ್ 1596ರಲ್ಲೇ ಅಚ್ಚು ಹಾಕಿಸಿದ್ದ. ಜಕ್ಕಮ್ಮನ ಕತೆ ಅಚ್ಚಾಗುವ ಹೊತ್ತಿಗೆ ಓದುಗರ ಕಣ್ಣಲ್ಲಿ ಆ ಚಿತ್ರ ತಯಾರಾಗಿಯೇ ಇತ್ತು. ದೆಲ್ಲ ವಾಲೆಯ ಮೇಲೆ ನನಗೆ ಸಿಟ್ಟಿಲ್ಲ. ಆತ ಅವಳನ್ನು ಮಾತಾಡಿಸಿದ, ಹೆಸರು ಕೇಳಿ ಬರೆದಿಟ್ಟ. ಎಷ್ಟೋ ಜನ ಅಷ್ಟನ್ನೂ ಮಾಡಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ ಕಡೆ. ಘಟ್ಟ ಹತ್ತಿದ ಮೇಲೆ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆ ಮರಳು. ಒಬ್ಬ ರಾಗವಾಗಿ ಹೇಳುತ್ತಾ ಬೆರಳಿನಲ್ಲಿ ಬರೆಯುತ್ತಾನೆ, ಉಳಿದವರೂ ಹಾಗೇ ಹಾಡಿ ಬರೆಯುತ್ತಾರೆ. ಜಾಗ ತುಂಬಿದರೆ ಅಳಿಸಿ, ಮತ್ತೆ ಮರಳು ಹರಡುತ್ತಾರೆ. ತಪ್ಪಿದರೆ ತಿದ್ದೋರು ಯಾರು ಅಂತ ಆತ ಕೇಳಿದ. ನಾವೇ ಒಬ್ಬರಿಗೊಬ್ಬರು ತಿದ್ದಿಕೊಳ್ತೀವಿ ಅಂದರು. ಇದು ಸುಲಭ, ಗಟ್ಟಿಯಾದ ಕಲಿಕೆ ಅಂತ ಆತನಿಗೂ ಅನಿಸಿತು.

ಈ ಹುಡುಗರ ಚಿತ್ರ ಯಾರಾದರೂ ಬರೆದದ್ದನ್ನು ನಾನಂತೂ ನೋಡಿಲ್ಲ. ದೆಲ್ಲ ವಾಲೆಯ ಕಾಗದಗಳಲ್ಲಿ ಇಂಡಿಯಾದ ಸಂಪುಟ ಅಚ್ಚಾಗಿದ್ದು 1663ರಲ್ಲಿ, ಆತ ತೀರಿಕೊಂಡ ಮೇಲೆ. ನೂರು ವರ್ಷಕ್ಕೂ ಹೆಚ್ಚು ಕಳೆದು ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನ ಹತ್ತಿರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ. ತಾನು ನೋಡಿಕೊಳ್ಳುತ್ತಿದ್ದ ಅನಾಥ ಮಕ್ಕಳ ಶಾಲೆಯಲ್ಲಿ ಅದನ್ನೇ ತಂದ, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಹಾಕಿಸಿ, ಇದೊಂದು ಹೊಸ ಪ್ರಯೋಗ ಅಂದ. ಮದ್ರಾಸ್ ಪದ್ಧತಿ ಅಂತ ಹೆಸರಾಗಿ ಇಂಗ್ಲೆಂಡಿನ ಸಾವಿರಾರು ಶಾಲೆಗಳಿಗೆ ಹಬ್ಬಿತು. ಹೆಸರಿನಲ್ಲಿ ಮದ್ರಾಸಾದರೂ ಉಳಿಯಿತು ಅಂದೆ. ಚಿಕ್ಕಮ್ಮ ನಕ್ಕು, ಮೊದಲು ಬಸ್ಸು ನೋಡು ಅಂದಳು.