ಹಾಸನಾಂಬೆಯ ಬಾಗಿಲು ತೆರೆದಿದ್ದ ವಾರದ ಒಂದು ರನ್‌ಶೀಟ್

ದೀಪಾವಳಿಗೆ ಮೂರು ದಿನ ಇದ್ದ ಶುಕ್ರವಾರ, 2025ರ ಅಕ್ಟೋಬರ್ 17. ಬೆಂಗಳೂರಿನಿಂದ ರಾತ್ರಿ ಹೊರಟ ಲೋಡು ಲಾರಿ ಕುಣಿಗಲ್, ಚನ್ನರಾಯಪಟ್ಟಣ ಹಾದು ಬೆಳಗಿನ ಐದೂವರೆಗೆ ಪಾರ್ಸೆಲ್ ವಿಂಗಡಿಸಿ ಮನೆಗಳಿಗೆ ಕಳಿಸುವ ಹಾಸನದ ಹಬ್‌ಗೆ ಬರಬೇಕು. ಬಂದರೆ ಏಳೂವರೆಗೆ ವಿಂಗಡಣೆ ಮುಗಿದು ಎಂಟೂವರೆಗೆ ಬೈಕುಗಳು ಹೊರಬೀಳುತ್ತವೆ. ಅವತ್ತು ಲಾರಿ ಬಂದದ್ದು ಒಂಬತ್ತು ಇಪ್ಪತ್ತಕ್ಕೆ, ಮನೆಮನೆಗೆ ಪಾರ್ಸೆಲ್ ಕೊಡುವ ನಾವು ಹೊರಟದ್ದು ಹನ್ನೊಂದಕ್ಕೆ. ಮಾಮೂಲಿ ದಿನ ಒಬ್ಬನಿಗೆ 70 ಪಾರ್ಸೆಲ್. ಅವತ್ತು 130. ಹೊತ್ತು ಕಡಿಮೆಯಾದ ದಿನವೇ ಹೊರೆ ದುಪ್ಪಟ್ಟಿನ ಹತ್ತಿರ ಹೋಯಿತು.

ಲೆಕ್ಕ ಕಷ್ಟದ್ದೇನಲ್ಲ. ಹನ್ನೊಂದರಿಂದ ರಾತ್ರಿ ಏಳೂವರೆಗೆ 510 ನಿಮಿಷ. ಊಟಕ್ಕೆ 30, ಹಬ್‌ಗೆ ವಾಪಸು ಬಂದು ಹಣ ಒಪ್ಪಿಸಲು 40 ತೆಗೆದರೆ ಉಳಿಯುವುದು 440. ಪೇಟೆಯೊಳಗೆ ಬೈಕು ನಿಲ್ಲಿಸಿ, ಮನೆ ಹುಡುಕಿ, ಸ್ಕ್ಯಾನ್ ಮಾಡಿ, ಓಟಿಪಿ ಪಡೆದು ಮುಂದಿನ ಮನೆ ಸೇರಲು ಸರಾಸರಿ ಮೂರೂವರೆ ನಿಮಿಷ ಬೇಕು. ಹಳ್ಳಿ ಕಡೆಗಾದರೆ ಎಂಟು. 130ರಲ್ಲಿ 100 ಪೇಟೆಯವು, 30 ಹಳ್ಳಿಯವು. ಒಟ್ಟು 590 ನಿಮಿಷದ ಕೆಲಸ. 150 ನಿಮಿಷ ಸಾಲದು, ಅಂದರೆ ಪೇಟೆಯ ಲೆಕ್ಕದಲ್ಲಿ ನಲವತ್ತಕ್ಕೂ ಹೆಚ್ಚು ಪಾರ್ಸೆಲ್ ವಾಪಸು ಬರುವುದು ಬೆಳಗ್ಗೆ ಹನ್ನೊಂದಕ್ಕೇ ಗೊತ್ತಿತ್ತು. ಆದರೂ ಎಲ್ಲವನ್ನೂ ರನ್‌ಶೀಟ್‌ಗೆ, ಅಂದರೆ ಒಬ್ಬೊಬ್ಬನು ಅವತ್ತು ಕೊಡಬೇಕಾದ ಪಾರ್ಸೆಲ್ ಪಟ್ಟಿಗೆ, ಏರಿಸಿದರು.

ನನ್ನ ತಕರಾರು ಇರುವುದು ಇಲ್ಲೇ. ಹಬ್ಬಕ್ಕೆ ಲೋಡು ಹೆಚ್ಚುವುದು ಸಹಜ, ಅದನ್ನು ಯಾರೂ ತಡೆಯಲಾರರು. ಆದರೆ ಪಾರ್ಸೆಲ್ ರನ್‌ಶೀಟ್‌ಗೆ ಸ್ಕ್ಯಾನ್ ಆದ ಕ್ಷಣವೇ ಗಿರಾಕಿಗೆ ‘ಇಂದು ತಲುಪುತ್ತದೆ’ ಎಂದು ಮೆಸೇಜು ಹೋಗುತ್ತದೆ. ಅವರು ಕೆಲಸ ಬಿಟ್ಟು ಮನೆಯಲ್ಲಿ ಕಾಯುತ್ತಾರೆ, ಸಂಜೆ ನಾಲ್ಕರಿಂದ ಫೋನು ಶುರುವಾಗುತ್ತದೆ. ಒಂದೊಂದು ಕರೆಗೆ ಒಂದೊಂದು ನಿಮಿಷ ಎಂದರೂ ಹತ್ತು ಮನೆಯ ಹೊತ್ತು ಕರೆಗಳಲ್ಲೇ ಹೋಗುತ್ತದೆ. ಕೊಡಲಾಗದ ನಲವತ್ತನ್ನು ಸ್ಕ್ಯಾನ್ ಮಾಡದೆ ಹಬ್‌ನ ರ‍್ಯಾಕಿನಲ್ಲೇ ಇಟ್ಟಿದ್ದರೆ ಆ ಕರೆಗಳೇ ಬರುತ್ತಿರಲಿಲ್ಲ.

ಹಬ್‌ನೊಳಗೆ ಜಾಗವೂ ಇರಲಿಲ್ಲ. ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿತ್ತು. ಟಿವಿ ಡಬ್ಬಗಳು ಸಣ್ಣ ಪಾರ್ಸೆಲ್ ವಿಂಗಡಿಸುವ ನೆಲವನ್ನೆಲ್ಲ ತುಂಬಿಕೊಂಡಿದ್ದವು. ನೆಲ ಇಲ್ಲದಿದ್ದರೆ ಬಡಾವಣೆವಾರು ಗುಡ್ಡೆ ಹಾಕಲಾಗುವುದಿಲ್ಲ, ಪಿನ್‌ಕೋಡ್ ನೋಡಿ ಚೀಲಕ್ಕೆ ತುಂಬುತ್ತಾರೆ. 573201 ಎಂಬ ಒಂದೇ ಪಿನ್‌ನಲ್ಲಿ ಪೇಟೆಯೂ ಇದೆ, ಸುತ್ತಲಿನ ಹಳ್ಳಿಗಳೂ ಇವೆ. ಹಾಗಾಗಿ ಕುವೆಂಪುನಗರದ ಚೀಲದಲ್ಲಿ ಹಳ್ಳಿಯ ಪಾರ್ಸೆಲ್ ಸಿಗುತ್ತದೆ. ಅದಕ್ಕೆಂದೇ ಹೋಗಿ ಬರಲು ಮುಕ್ಕಾಲು ಗಂಟೆ.

ಆ ವಾರ ಊರೂ ಬೇರೆಯೇ ಆಗಿತ್ತು. ಅಕ್ಟೋಬರ್ 9ರಂದು ಹಾಸನಾಂಬೆಯ ಬಾಗಿಲು ತೆರೆದಿತ್ತು, ಮುಚ್ಚುವುದು 23ಕ್ಕೆ. ವರ್ಷಕ್ಕೊಮ್ಮೆ ಸಿಗುವ ದರ್ಶನವಾದ್ದರಿಂದ ನಾಡಿನ ಎಲ್ಲ ಕಡೆಯಿಂದ ಜನ ಬರುತ್ತಾರೆ. ದೇವಸ್ಥಾನದ ಸುತ್ತಿನ ರಸ್ತೆಗಳಿಗೆ ಬ್ಯಾರಿಕೇಡ್ ಬೀಳುತ್ತದೆ. ಆ್ಯಪ್‌ನ ನಕ್ಷೆಗೆ ಇದು ತಿಳಿಯದು, ನೇರ ಅಲ್ಲಿಗೇ ದಾರಿ ತೋರಿಸುತ್ತದೆ. ಇಂಥ ಕಡೆ ಬೈಕನ್ನು ಬ್ಯಾರಿಕೇಡಿನ ಹೊರಗೆ ಬಿಟ್ಟು, ಹತ್ತು ಹದಿನೈದು ಸಣ್ಣ ಪಾರ್ಸೆಲ್ ಕೈಚೀಲಕ್ಕೆ ಹಾಕಿಕೊಂಡು ನಡೆದೇ ಮುಗಿಸಬೇಕು. ದೊಡ್ಡ ಚೀಲ ಬೈಕಿನ ಮೇಲೆ ಬಿಟ್ಟು ಹೋಗಬಾರದು, ಗುರುತಿನ ಅಂಗಡಿಯಲ್ಲಿ ಇಟ್ಟು ಹೋಗಬೇಕು. ಒಂದು ಕಳೆದರೂ ಅದರ ಬೆಲೆ ನಮ್ಮ ಲೆಕ್ಕಕ್ಕೇ ಬೀಳುತ್ತದೆ. ಇಷ್ಟಿದ್ದೂ ಅದೇ ವಾರ ಹೊಸ ಹುಡುಗರನ್ನು ಹಳೇ ಊರಿನ ಗಲ್ಲಿಗಳಿಗೆ ಹಾಕಿ, ಅಲ್ಲಿನ ಮನೆಮನೆ ಬಲ್ಲವರನ್ನು ಸಾಲಗಾಮೆ ರಸ್ತೆಗೆ ಕಳಿಸಿದರು. ಒಬ್ಬರಿಗೂ ದಾರಿ ಗೊತ್ತಿಲ್ಲ.

ಲೋಡು ಎಷ್ಟೇ ಇರಲಿ, ಹೊರಡುವ ಮೊದಲು ಇಪ್ಪತ್ತು ನಿಮಿಷ ಕೊಟ್ಟು ಜೋಡಿಸಿಕೊಂಡರೆ ದಾರಿಯಲ್ಲಿ ಒಂದು ಗಂಟೆ ಉಳಿಯುತ್ತದೆ. ಮೊದಲು ಎಣಿಕೆ: ಶೀಟಿನಲ್ಲಿ 130 ಇದ್ದರೆ ಕೈಯಲ್ಲೂ 130 ಇರಬೇಕು. ಇಲ್ಲದಿದ್ದರೆ ಅಲ್ಲೇ ಇನ್‌ಚಾರ್ಜ್‌ಗೆ ತೋರಿಸಿ ತೆಗೆಸಬೇಕು. ಗೇಟು ದಾಟಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಆಮೇಲೆ ಪ್ರತಿ ಪಾರ್ಸೆಲ್ ಮೇಲೆ ದಪ್ಪ ಮಾರ್ಕರಿನಲ್ಲಿ ಬಡಾವಣೆಯ ಮೊದಲಕ್ಷರ ಮತ್ತು ಸರದಿ ಸಂಖ್ಯೆ. ಕಡೆಗೆ ಕೊಡುವುದು ಚೀಲದ ತಳಕ್ಕೆ, ಮೊದಲಿನದು ಮೇಲಕ್ಕೆ. ಬೆನ್ನಿನ ಚೀಲಕ್ಕೆ ಹಿಡಿಸುವುದು ಮಧ್ಯಮ ಗಾತ್ರದ 35–40 ಮಾತ್ರ. ಉಳಿದದ್ದನ್ನು ಸೀಟಿನ ಹಿಂದೆ ಎತ್ತರಕ್ಕೆ ಕಟ್ಟಿದರೆ ತಿರುವಿನಲ್ಲಿ ಬೈಕು ವಾಲುತ್ತದೆ, ಬ್ರೇಕೂ ತಡವಾಗಿ ಹಿಡಿಯುತ್ತದೆ. ಆದ್ದರಿಂದ 130ನ್ನು ಒಬ್ಬನ ಬೆನ್ನಿಗೆ ಹೇರುವ ಬದಲು 65ರ ಎರಡು ಸುತ್ತು ಮಾಡಿ, ಎರಡನೆಯದನ್ನು ಟಾಟಾ ಏಸ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಬಡಾವಣೆಯ ಹತ್ತಿರಕ್ಕೇ ತಂದುಕೊಡಬೇಕು. ಹೇಗೂ ಟಿವಿ ಹೊತ್ತು ಆ ಗಾಡಿ ಅದೇ ದಾರಿಯಲ್ಲಿ ಬರುತ್ತಿತ್ತು.

ಮಧ್ಯಾಹ್ನದ ಮೇಲೆ ಮಳೆ ಹನಿಯಿತು. ಲೇಬಲ್ಲು ಥರ್ಮಲ್ ಕಾಗದ. ಒದ್ದೆಯಾಗಿ ಉಜ್ಜಿಕೊಂಡರೆ ಬಾರ್‌ಕೋಡ್ ಮಾಸಿ ಸ್ಕ್ಯಾನ್ ಆಗುವುದಿಲ್ಲ, ನಂಬರನ್ನು ಕೈಯಲ್ಲೇ ಒತ್ತಬೇಕು. ಚೀಲದೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಹೊದಿಕೆ, ಫೋನಿಗೆ ಪವರ್ ಬ್ಯಾಂಕ್ ಇರಲೇಬೇಕು. ಜಿಪಿಎಸ್ ಸದಾ ಚಾಲೂ ಇರುವುದರಿಂದ ಸಂಜೆ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ.

ಹಬ್ಬದಲ್ಲಿ ಹೆಚ್ಚು ಹೊತ್ತು ತಿನ್ನುವುದು ಓಟಿಪಿ. ಮಗ ಬೆಂಗಳೂರಿನಲ್ಲಿ ಕೂತು ಅಮ್ಮನಿಗೆ ಮಿಕ್ಸಿ ಕಳಿಸಿರುತ್ತಾನೆ. ಓಟಿಪಿ ಅವನ ಫೋನಿಗೆ ಹೋಗುತ್ತದೆ, ಅವನು ಮೀಟಿಂಗಿನಲ್ಲಿರುತ್ತಾನೆ. ‘ನಿಲ್ಲಪ್ಪ, ಮಗನಿಗೆ ಫೋನ್ ಮಾಡ್ತೀನಿ’ ಎಂದು ಆ ತಾಯಿ ಒಳಗೆ ಹೋದರೆ ಐದು ನಿಮಿಷ. ಶೀಟಿನಲ್ಲಿ ಇಂಥವನ್ನು ಹೊರಡುವ ಮೊದಲೇ ಗುರುತಿಸಿ, ಆ್ಯಪ್‌ನಿಂದಲೇ ಕರೆ ಮಾಡಿ ‘ಸಾರ್, ಅರ್ಧ ಗಂಟೇಲಿ ನಿಮ್ಮ ಮನೆ ಹತ್ರ ಇರ್ತೀನಿ, ಓಟಿಪಿ ಅಮ್ಮಂಗೆ ಹೇಳಿಬಿಡಿ’ ಎಂದರೆ ಕೆಲಸ ಒಂದು ನಿಮಿಷಕ್ಕೆ ಇಳಿಯುತ್ತದೆ. ಸ್ವಂತ ನಂಬರಿನಿಂದ ಮಾಡಿದ ಕರೆಗೆ ಆ್ಯಪ್‌ನಲ್ಲಿ ದಾಖಲೆ ಇರುವುದಿಲ್ಲ, ದೂರು ಬಂದಾಗ ಉಪಯೋಗಕ್ಕೆ ಬಾರದು. ಕ್ಯಾಶ್ ಪಾರ್ಸೆಲ್‌ಗಳಿಗೆ 10, 20, 50ರ ಚಿಲ್ಲರೆ ಐನೂರು ರೂಪಾಯಿಯಷ್ಟಾದರೂ ಬೇಕು. ಕ್ಯೂಆರ್‌ನಲ್ಲಿ ಹಣ ಹಾಕಿದರೆ ಗಿರಾಕಿಯ ಫೋನಿನ ಸ್ಕ್ರೀನ್‌ಶಾಟ್ ನಂಬಬಾರದು, ನಮ್ಮ ಆ್ಯಪ್‌ನಲ್ಲಿ ಜಮಾ ತೋರಿಸಿದ ಮೇಲೆಯೇ ಪಾರ್ಸೆಲ್ ಕೈಬಿಡಬೇಕು.

ಏಳೂವರೆಗೆ 90 ಮುಗಿದಿತ್ತು, 40 ಉಳಿದಿತ್ತು. ಆ್ಯಪ್‌ನಲ್ಲಿ ಕಾರಣ ಒತ್ತಬೇಕು. ‘ಗಿರಾಕಿ ಇರಲಿಲ್ಲ’ ಇದೆ, ‘ವಿಳಾಸ ತಪ್ಪು’ ಇದೆ, ‘ಬೇರೆ ದಿನ ಕೇಳಿದ್ದಾರೆ’ ಇದೆ. ‘ಹೊತ್ತು ಸಾಲಲಿಲ್ಲ’ ಎಂಬುದೇ ಇಲ್ಲ. ‘ಗಿರಾಕಿ ಇರಲಿಲ್ಲ ಅಂತ ಒತ್ತಿಬಿಡು’ ಎಂದು ಹಬ್‌ನವರು ಫೋನಿನಲ್ಲಿ ಹೇಳುತ್ತಾರೆ. ಬೆಳಗಿನಿಂದ ಮನೆಯಲ್ಲೇ ಕಾದವರಿಗೆ ಆ ಮೆಸೇಜು ಹೋದಾಗ ಅವರು ಬೈಯುವುದು ನಮ್ಮನ್ನು, ದೂರಿನ ದಂಡ ಕಡಿಯುವುದೂ ನಮ್ಮ ದುಡ್ಡಿನಲ್ಲೇ. ಸುಳ್ಳು ಕಾರಣ ಒತ್ತಲೇಬಾರದು. ಒತ್ತದೆ ಹಬ್‌ಗೆ ತಂದು, ಎಷ್ಟು ಗಂಟೆಗೆ ಲೋಡು ಸಿಕ್ಕಿತು, ಎಷ್ಟು ಕೊಟ್ಟೆ ಎಂದು ವಾಟ್ಸಾಪಿನಲ್ಲಿ ಇನ್‌ಚಾರ್ಜ್‌ಗೆ ಬರೆದು ಹಾಕಬೇಕು. ಆ್ಯಪ್‌ನ ಐಡಿ ಬ್ಲಾಕ್ ಮಾಡಿ ಕೆಲಸ ನಿಲ್ಲಿಸುತ್ತೇವೆ ಎಂದು ಹೆದರಿಸಿದರೆ ಆ ಬರಹವೇ ಆಧಾರ. ನಮ್ಮಂತೆ ಆ್ಯಪ್ ಮೂಲಕ ದುಡಿಯುವವರಿಗೆಂದು ಇರುವ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ, ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸು ಕೊಡದೆ ಕೆಲಸದಿಂದ ತೆಗೆಯಬಾರದು ಎನ್ನುತ್ತದೆ.

ಇನ್ಸೆಂಟಿವ್ ಲೆಕ್ಕ ಇನ್ನೂ ನೋಯಿಸುತ್ತದೆ. ಮಾಮೂಲಿ ದಿನ 70ರಲ್ಲಿ 68 ಕೊಟ್ಟರೆ ಶೇ. 97, ಇನ್ಸೆಂಟಿವ್ ಸಿಗುತ್ತದೆ. ಅವತ್ತು 130ರಲ್ಲಿ 90, ಶೇ. 69. ಇಪ್ಪತ್ತೆರಡು ಮನೆ ಹೆಚ್ಚು ಹತ್ತಿಳಿದವನಿಗೆ ಇನ್ಸೆಂಟಿವ್ ಇಲ್ಲ. ಕೈಗಿತ್ತ ಸಂಖ್ಯೆಯಿಂದ ಭಾಗಿಸುವ ಬದಲು ಕೊಟ್ಟ ಸಂಖ್ಯೆಗೆ ದುಡ್ಡು ಕಟ್ಟಿದರೆ ಹುಡುಗರು ಹಬ್ಬದ ನಡುವೆ ಕೆಲಸ ಬಿಟ್ಟು ಹೋಗುವುದಿಲ್ಲ. ಆ ವಾರ ಇಬ್ಬರು ಬಿಟ್ಟರು, ಅವರ ಬಡಾವಣೆಗಳ ಲೋಡು ಉಳಿದವರಿಗೇ ಹಂಚಿಕೆಯಾಯಿತು.

ರಾತ್ರಿ ಒಪ್ಪಿಸುವಾಗ ನಲವತ್ತನ್ನೂ ಒಂದೊಂದಾಗಿ ಸ್ಕ್ಯಾನ್ ಮಾಡಿಸಿ, ಬಾಕಿ ಸೊನ್ನೆ ಎಂದು ತೋರಿಸುವ ತನಕ ಕೌಂಟರ್ ಬಿಟ್ಟು ಕದಲಬಾರದು. ನಗದು ಎಣಿಸಿ, ಚೀಟಿಗೆ ಸಹಿ ಹಾಕಿಸಿ, ಅದರ ಫೋಟೋ ಇಟ್ಟುಕೊಳ್ಳಬೇಕು. ಶನಿವಾರ ಲಾರಿ ಎಂಟಕ್ಕೇ ಬಂತು. ಆ ನಲವತ್ತು ಚೀಲದ ತಳದಲ್ಲಿದ್ದವು, ಮೇಲಿನಿಂದ ಹೊಸ 95 ಹಾಕಿದ್ದರು.