ಹೊಳಪು ನೋಡಿ ಕೀಲ್ ಕೇಬಲ್ ನಂಬಬೇಡಿ

ಹಾಯಿದೋಣಿಯ ತಳದಲ್ಲಿ ನೀರಿಗಿಳಿಯುವ ಭಾರದ ರೆಕ್ಕೆಯೇ ಕೀಲ್. ಅದನ್ನು ಎತ್ತಿ ಇಳಿಸುವ, ಈ ವಾರ ಬಿಚ್ಚಿದ ಒಂದು ಕೇಬಲ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೇಬಲ್ ಸುತ್ತಿ ಎಳೆಯುವ ವಿಂಚ್ ಡ್ರಮ್ಮಿನ ಮೇಲಿದ್ದ ಸುತ್ತುಗಳು ಹೊಸದರಂತೆ ಫಳಫಳ ಅನ್ನುತ್ತಿದ್ದವು. ಕೇಬಲ್ ದೋಣಿಯ ತಳಕ್ಕೆ ಹಾದುಹೋಗುವ ರಬ್ಬರ್ ಹೋಸ್ ಒಳಗಿಂದ ಎಳೆದ ಭಾಗ ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಕೀಲ್‌ಗೆ ಸೇರುವ ತುದಿಯಲ್ಲಿ, ತುದಿಯ ಕುಣಿಕೆಯನ್ನು ಬಿಗಿಹಿಡಿಯುವ ಲೋಹದ ಸ್ಲೀವ್ ಮುಗಿದು ಬರೀ ಕೇಬಲ್ ಶುರುವಾಗುವ ಬೆರಳಗಲದ ಜಾಗದಲ್ಲಿ, ಏಳು ಎಳೆಗಳ ಪೈಕಿ ಎರಡು ಪೂರ್ತಿ ಹರಿದಿದ್ದವು. ಅದಕ್ಕೆ ಸ್ವಲ್ಪ ಮುಂಚೆ ದೋಣಿಯ ಯಜಮಾನರು ಹೇಳಿದ್ದು ಇಷ್ಟೇ: "ಮೇಲೆ ನೋಡಿ, ಎಷ್ಟು ಚೆನ್ನಾಗಿದೆ. ಇನ್ನೊಂದು ಸೀಸನ್ ಆರಾಮಾಗಿ ಬರುತ್ತೆ." ಹರಿದ ತುದಿಯನ್ನು ಕೈಗೆ ಕೊಟ್ಟರೂ ಅವರ ಕಣ್ಣು ಮತ್ತೆ ಡ್ರಮ್ಮಿನ ಕಡೆಗೇ ಹೋಯಿತು.

ಅವರು ಬೇಜವಾಬ್ದಾರಿ ಮನುಷ್ಯರೇನಲ್ಲ. ಹಾಯಿಯನ್ನು ಸಿಹಿನೀರಲ್ಲಿ ತೊಳೆದು, ಒಣಗಿಸಿ, ಮಡಿಸಿಡುವವರು. ಆದರೆ ಕೀಲ್ ಎತ್ತುವ ಕೇಬಲ್ ಕೆಡುವುದು ಕಣ್ಣಿಗೆ ಬೀಳದ ಕಡೆ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೇಲ್ಮೈಯ ತೆಳು ಆಕ್ಸೈಡ್ ಪದರ. ಆ ಪದರ ಉಳಿಯಲು ಆಮ್ಲಜನಕ ಬೇಕು. ಹೋಸ್ ಒಳಗೆ, ಸ್ಲೀವ್ ಒಳಗೆ ನಿಂತ ಉಪ್ಪುನೀರಿನಲ್ಲಿ ಅದು ಸಿಗುವುದಿಲ್ಲ, ಸಂದುಗಳಲ್ಲೇ ತುಕ್ಕು ಕೊರೆಯುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಇನ್ನೂ ಕೆಟ್ಟದ್ದು: ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಹರಿದ ತಂತಿಯನ್ನು ಮರೆಮಾಚುತ್ತದೆ. ಇದರ ಮೇಲೆ ಕಂಪನ. ದೋಣಿ ಓಡುವಾಗ ನೀರಿನಲ್ಲಿರುವ ಕೇಬಲ್ ಗುಂಯ್ ಅನ್ನುತ್ತದಲ್ಲ, ಆ ಅದುರಾಟವೆಲ್ಲ ಬಂದು ನಿಲ್ಲುವುದು ಸ್ಲೀವಿನ ಅಂಚಿನಲ್ಲಿ. ಲೋಹ ದಣಿದು ಮುರಿಯುವುದೂ ಅಲ್ಲೇ.

ಕ್ಯಾಟಲಿನಾ 22ರಂಥ ಸಣ್ಣ ದೋಣಿಯ ತೂಗುಕೀಲ್ ಅಂದರೂ ಸುಮಾರು 250 ಕಿಲೋ ಎರಕದ ಕಬ್ಬಿಣ. ಮುಂದಿನ ತುದಿ ಅದು ತಿರುಗುವ ಪಿವಟ್ ಪಿನ್ನಿನ ಮೇಲೆ, ಹಿಂದಿನ ತುದಿ ಪೆನ್ಸಿಲಿಗಿಂತ ತೆಳ್ಳಗಿನ ಕೇಬಲ್ ಮೇಲೆ. ಎತ್ತಿದ ಕೀಲ್ ಒಮ್ಮೆಲೇ ಕಳಚಿ ಬಿದ್ದರೆ ಅದರ ಪೆಟ್ಟು ನೇರವಾಗಿ ದೋಣಿಯ ಒಡಲಿಗೆ. ಫೈಬರ್‌ಗ್ಲಾಸ್ ಸೀಳಿದರೆ ನೀರು ನುಗ್ಗುತ್ತದೆ. ಒಂದು ಸೀಸನ್ ಉಳಿಸಲು ಹೋಗಿ ಇದನ್ನು ಪಣಕ್ಕಿಡುವುದು ನನಗೆ ಒಪ್ಪುವ ಮಾತಲ್ಲ.

ಕೆಲಸ ಶುರುವಾಗಬೇಕಾದ್ದು ಕೇಬಲ್‌ನಿಂದಲ್ಲ, ಆಸರೆಯಿಂದ. ದೋಣಿ ಟ್ರೈಲರ್ ಮೇಲಿದ್ದರೆ ಕೀಲ್ ಕೆಳಗೆ ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ, ಅದರ ಮೇಲೆ ಕೂರಿಸಿ. ಬರೀ ಜಾಕ್ ಸಾಲದು. ವಿಂಚನ್ನು ನಾಲ್ಕೈದು ಸೆಂಟಿಮೀಟರ್ ಸಡಿಲಿಸಿ ನೋಡಿ. ಕೇಬಲ್ ಜೋಲು ಬಿದ್ದು ಕೀಲ್ ಒಂದು ಕೂದಲೆಳೆಯಷ್ಟೂ ಜರುಗದಿದ್ದರೆ ಮಾತ್ರ ಕೇಬಲನ್ನು ಕೀಲ್‌ಗೆ ಸೇರಿಸುವ ಕ್ಲೆವಿಸ್ ಪಿನ್ನಿಗೆ ಕೈ ಹಾಕಿ. ಕೈಯಾಗಲಿ ತಲೆಯಾಗಲಿ ಕೀಲ್ ಕೆಳಗೆ ಹೋಗಬಾರದು.

ಬಿಚ್ಚುವ ಮುಂಚೆ ಡ್ರಮ್ಮಿನ ಫೋಟೋ ತೆಗೆದುಕೊಳ್ಳಿ. ಕೇಬಲ್ ಡ್ರಮ್ಮಿನ ಯಾವ ಬದಿಯಿಂದ ಇಳಿಯುತ್ತದೆ ಅನ್ನುವುದು ಮುಖ್ಯ. ತಿರುವು ಮುರುವಾಗಿ ಸುತ್ತಿದರೆ ಬ್ರೇಕ್ ವಿಂಚಿನ ಬ್ರೇಕ್ ಭಾರವನ್ನು ಹಿಡಿಯುವುದೇ ಇಲ್ಲ. ಹಳೇ ಕೇಬಲನ್ನು ಹೊರಗೆಳೆಯುವಾಗ ಅದರ ಬಾಲಕ್ಕೆ ತೆಳು ಹಗ್ಗ ಕಟ್ಟಿ, ಹೋಸ್ ಒಳಗೆ ಆ ಹಗ್ಗ ಉಳಿಯಲಿ. ಹೊಸ ಕೇಬಲ್ ಅದರ ಹಿಂದೆಯೇ ಬರುತ್ತದೆ.

ಹೊಸದು 316 ದರ್ಜೆಯ ಸ್ಟೇನ್‌ಲೆಸ್, 7×19 ಹೆಣಿಗೆಯದಾಗಿರಲಿ. ಅಂದರೆ ಏಳು ಎಳೆ, ಪ್ರತಿ ಎಳೆಯಲ್ಲಿ ಹತ್ತೊಂಬತ್ತು ತಂತಿ. ಮಾಸ್ಟ್, ಅಂದರೆ ಹಾಯಿಕಂಬ, ಕಟ್ಟುವ 1×19 ಬಿರುಸು, ಡ್ರಮ್ಮಿಗೆ ಸುತ್ತಿದರೆ ಬೇಗ ಸಾಯುತ್ತದೆ. ದಪ್ಪ ಮೊದಲಿದ್ದಷ್ಟೇ ಇರಲಿ, ಇಂಥ ದೋಣಿಗಳಲ್ಲಿ ಸಾಮಾನ್ಯವಾಗಿ 3/16 ಇಂಚು. ದಪ್ಪ ಹೆಚ್ಚಿಸಿದರೆ ತಿರುವಿನಲ್ಲಿ ಬಾಗಲು ಕಷ್ಟ, ಡ್ರಮ್ಮಿನಲ್ಲೂ ಜಾಗ ಸಾಲದು. ಕೀಲ್ ಪೂರ್ತಿ ಇಳಿದಾಗಲೂ ಡ್ರಮ್ಮಿನ ಮೇಲೆ ಮೂರು ನಾಲ್ಕು ಸುತ್ತು ಉಳಿಯುವಂತೆ ಉದ್ದ ಅಳೆಯಿರಿ.

ತುದಿಯ ಕುಣಿಕೆಯೊಳಗೆ ಥಿಂಬಲ್ ಅನ್ನುವ ಲೋಹದ ತೋಡು ಇಟ್ಟು ತಾಮ್ರದ ಸ್ಲೀವ್ ಹಾಕಿ ಒತ್ತಿಸಬೇಕು. ಅಲ್ಯೂಮಿನಿಯಂ ಸ್ಲೀವ್ ಸ್ಟೇನ್‌ಲೆಸ್ ಜೊತೆ ಉಪ್ಪುನೀರಿನಲ್ಲಿ ಕರಗಿಹೋಗುತ್ತದೆ. ಒತ್ತಿದಾಗ ಸ್ಲೀವ್ ಉದ್ದವಾಗುವುದರಿಂದ ಥಿಂಬಲ್‌ಗೆ ತೀರಾ ಅಂಟಿಸದೆ ಸ್ವಲ್ಪ ಅಂತರ ಬಿಡಿ. ಕೇಬಲಿನ ಬಾಲ ಎರಡು ಮೂರು ಮಿಲಿಮೀಟರ್ ಹೊರಗೆ ಕಾಣುತ್ತಿರಲಿ. ಪ್ರತಿ ಒತ್ತನ್ನೂ (ಕ್ರಿಂಪ್) ಅದರ ದಪ್ಪ ಅಳೆಯುವ ಗೇಜಿನಲ್ಲಿ ಪರೀಕ್ಷಿಸಿ. ಗೇಜ್ ಸಲೀಸಾಗಿ ಕೂರದಿದ್ದರೆ ಆ ಕ್ರಿಂಪ್ ಸಾಲದು. ಸುತ್ತಿಗೆಯಲ್ಲಿ ಜಜ್ಜಿದ ಸ್ಲೀವನ್ನು ಯಾವತ್ತೂ ನಂಬಬೇಡಿ.

ಇಲ್ಲೇ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಈ ವಾರದ ದೋಣಿಯಲ್ಲಿ ಕ್ಲೆವಿಸ್ ಪಿನ್ ಎರಡು ತುದಿಯಲ್ಲಿ ಸರಿಯಾಗಿತ್ತು, ನಡುವೆ ಸವೆದು ಸೊಂಟ ಬಿದ್ದಿತ್ತು. ಅದು ಜಾರದಂತೆ ತಡೆಯುವ ಕಾಟರ್ ಪಿನ್ನಿನ ಒಂದು ಕಾಲು ಬಾಗಿಸಲು ಹೋದಾಗಲೇ ಮುರಿಯಿತು. ಎರಡನ್ನೂ ಹೊಸದು ಹಾಕಿ. ಹೋಸನ್ನೂ ಬದಲಿಸಿ: ಕೇಬಲ್ ತೆಗೆಯದೆ ಅದು ಬರುವುದಿಲ್ಲ, ಒಡೆದರೆ ಅದೇ ದೋಣಿ ಮುಳುಗಿಸುವ ತೂತು. ಎರಡೂ ತುದಿಗೆ ಎರಡೆರಡು ಸ್ಟೇನ್‌ಲೆಸ್ ಕ್ಲಾಂಪ್.

ಯಜಮಾನರು ಪಿನ್ ನೋಡಿದ ಮೇಲೆ ವಾದಿಸಲಿಲ್ಲ. "ಮೇಲೆ ಅಷ್ಟು ಚೆನ್ನಾಗಿತ್ತಲ್ಲ" ಅಂತ ಇನ್ನೊಮ್ಮೆ ಅಂದರು, ಅಷ್ಟೆ. ಮೇಲಿನದು ಚೆನ್ನಾಗಿರುವುದೇ ನನಗೆ ಭಯ ಹುಟ್ಟಿಸುವ ವಿಷಯ. ಅದಕ್ಕೇ ವರ್ಷಕ್ಕೊಮ್ಮೆ ಕೆಳಗಿನ ತುದಿಯನ್ನು ಹೊರತೆಗೆದು ಬಟ್ಟೆ ಸುತ್ತಿ ಎಳೆಯಬೇಕು ಅನ್ನುತ್ತೇನೆ. ಬಟ್ಟೆಯ ನೂಲು ಸಿಕ್ಕಿಕೊಂಡ ಕಡೆ ತಂತಿ ಮುರಿದಿದೆ ಅಂತಲೇ ಲೆಕ್ಕ, ಆ ಕೇಬಲ್ ಮತ್ತೆ ಹಾಕುವಂತಿಲ್ಲ.

ನೀರಿಗಿಳಿಸಿದ ಮೇಲೆ ಮೊದಲು ಹೋಸಿನ ಬುಡದಲ್ಲಿ ಒಣ ಕಾಗದ ಒತ್ತಿ ಪಸೆ ಇದೆಯೇ ನೋಡಿ. ಕೀಲ್ ನಿಧಾನ ಇಳಿಸಿ, ಪೂರ್ತಿ ಇಳಿದಾಗ ಕೇಬಲ್ ಜೋಲು ಬೀಳದಂತೆ ಹದವಾಗಿ ಬಿಗಿಯಿರಿ. ಮೊದಲ ದಿನದ ಓಟ ಮುಗಿದ ಮೇಲೆ ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿದು ನೋಡಿ, ಹೊಸ ರಬ್ಬರ್ ಸ್ವಲ್ಪ ಕೂತಿರುತ್ತದೆ.