ಅಗಲ ಕಡಿಮೆ, ಹಿಡಿತ ಜಾಸ್ತಿ

ಹಿಮದ ಮೇಲೆ ಜಾರಲಿಕ್ಕೆ ಕಾಲಿಗೆ ಹಾಕುವ ನನ್ನ ಸ್ಕೀ ಪಟ್ಟಿಗಳ ಮೇಲೆ 121–68–103 ಅಂತ ಅಚ್ಚು ಹಾಕಿದ್ದಾರೆ. ಮೂತಿಯ ಹತ್ತಿರ 121 ಮಿಲಿಮೀಟರ್ ಅಗಲ, ಕಾಲಿಡುವ ನಡುವಿನಲ್ಲಿ 68, ಹಿಂದಿನ ತುದಿಯಲ್ಲಿ 103. ಮೂರರಲ್ಲಿ ನಡುವಿನ ಅಂಕಿಯೇ ಮುಖ್ಯ. ನಾನಿರುವ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಅಂಗಡಿಗಳಲ್ಲಿ 85, 95, 100 ದಾಟಿದ ಸ್ಕೀಗಳೂ ಸಾಲಾಗಿ ನಿಂತಿರುತ್ತವೆ. ಅವುಗಳ ಪಕ್ಕದಲ್ಲಿ ನನ್ನದು ತೀರಾ ಸಣ್ಣದಾಗಿ ಕಾಣುತ್ತದೆ.

ಈ ಸಲ ರಜೆಗೆ ಬಂದಾಗ ಹುಬ್ಬಳ್ಳಿ ವಿದ್ಯಾನಗರದ ದೊಡ್ಡವ್ವನ ಮನೆಯಲ್ಲಿ ಎಲ್ಲರೂ ಸೇರಿ ನನ್ನ ವಿಡಿಯೋ ನೋಡಿದರು. ದೊಡ್ಡವ್ವ ಕೇಳಿದಳು: "ಅಷ್ಟ ಸಣ್ಣ ಪಟ್ಟಿ ಮ್ಯಾಲ ನಿಂತು ಇಷ್ಟ ಜೋರ ಬರ್ತೀಯಲ್ಲೋ, ಅಗಲ ಇದ್ದದ್ದು ತಗೊಂಡ್ರ ಬೀಳೂದು ಕಡಿಮಿ ಆಗೂದಿಲ್ಲೇನು?" ಬಹಳ ಒಳ್ಳೆಯ ಪ್ರಶ್ನೆ. ಇನ್ಸ್‌ಬ್ರುಕ್‌ನಲ್ಲಿ ವರ್ಷಗಟ್ಟಲೆ ಸ್ಕೀ ಮಾಡಿದವರೂ ಇದನ್ನೇ ಕೇಳುತ್ತಾರೆ. ಚಹಾ ಕುಡಿಯುತ್ತ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಿಮದ ವಿಷಯ. ನಾನು ಹೋಗುವುದು ಯಂತ್ರ ಹಾಯಿಸಿದ ಇಳಿಜಾರಿಗೆ. ಸಂಜೆ ಜನರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟ್ ನಿಂತ ಮೇಲೆ ಅಗಲವಾದ ಬೆಲ್ಟ್ ಇರುವ ದೊಡ್ಡ ವಾಹನಗಳು ಗುಡ್ಡ ಹತ್ತುತ್ತವೆ. ಮುಂದಿನ ಬ್ಲೇಡ್ ಉಬ್ಬುತಗ್ಗು ಸಮ ಮಾಡುತ್ತದೆ. ಹಿಂದಿನ ಹಲ್ಲುಗಳು ಹಿಮವನ್ನು ಪುಡಿ ಮಾಡಿ ಒತ್ತಿಕೊಂಡು ಹೋಗುತ್ತವೆ. ರಾತ್ರಿಯ ಚಳಿಗೆ ಆ ಹರಳುಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಬೆಳಿಗ್ಗೆ ಮೊದಲ ಲಿಫ್ಟ್‌ನಲ್ಲಿ ಹೋದರೆ ಇಡೀ ಇಳಿಜಾರಿನ ಮೇಲೆ ಬೆರಳಗಲದ ಗೆರೆಗಳು, ಇನ್ನೂ ಯಾರೂ ತುಳಿದಿಲ್ಲ. ಆ ಒಂದು ತಾಸಿಗಾಗಿ ನಾನು ಭಾನುವಾರವೂ ಕತ್ತಲಲ್ಲೇ ಏಳುತ್ತೇನೆ.

ಅಗಲ ಬೇಕಾಗುವುದು ಮೆತ್ತಗಿನ ಹೊಸ ಹಿಮದಲ್ಲಿ, ಮುಳುಗದೆ ತೇಲಲಿಕ್ಕೆ. ಗಟ್ಟಿ ಹಿಮದಲ್ಲಿ ಮುಳುಗುವ ಮಾತೇ ಇಲ್ಲ, ಜಾರುವ ಮಾತು ಇದೆ. ಜಾರದ ಹಾಗೆ ಹಿಡಿಯುವುದು ಸ್ಕೀಯ ತಳ ಅಲ್ಲ, ಅದರ ಎರಡೂ ಬದಿಗೆ ಕೂಡಿಸಿದ ಸಣ್ಣ ಉಕ್ಕಿನ ಅಂಚು. ಸ್ಕೀಯನ್ನು ಪಕ್ಕಕ್ಕೆ ವಾಲಿಸಿದರೆ ನಮ್ಮ ಇಡೀ ಭಾರ ಆ ಅಂಚಿನ ಮೇಲೆ ಬೀಳುತ್ತದೆ. ನಡು 68 ಇದ್ದರೆ ಅಂಚು ಹೆಚ್ಚುಕಡಿಮೆ ಪಾದದ ಕೆಳಗೇ ಬರುತ್ತದೆ. ನಡು 100 ಇದ್ದರೆ ಪಾದದಿಂದ ಹೊರಗೆ ಹೋಗುತ್ತದೆ. ಆಗ ನೆಲ ಸ್ಕೀಯನ್ನು ಮತ್ತೆ ಮಟ್ಟಸ ಮಾಡಲಿಕ್ಕೆ ನೋಡುತ್ತದೆ. ಅದನ್ನು ತಡೆಯುವ ಕೆಲಸ ಹಿಮ್ಮಡಿ ಕೀಲಿಗೆ, ಮೊಣಕಾಲಿಗೆ ಬೀಳುತ್ತದೆ. ದಿನದ ಕೊನೆಗೆ ಮೊಣಕಾಲಿಗೇ ಇದು ಚೆನ್ನಾಗಿ ಗೊತ್ತಾಗುತ್ತದೆ. ಸಣ್ಣ ಸ್ಕೀ ಎಡದ ಅಂಚಿನಿಂದ ಬಲದ ಅಂಚಿಗೆ ತಟ್ಟನೆ ಹೊರಳುತ್ತದೆ ಅನ್ನುವುದೂ ಇದೇ ಕಾರಣಕ್ಕೆ. ಹೊರಳಬೇಕಾದ ದೂರವೇ ಕಡಿಮೆ ಅಲ್ವಾ?

ಇನ್ನು ತಿರುಗುವುದು. ಮೂತಿ ಅಗಲ, ನಡು ಸಣ್ಣ, ಬಾಲ ಮತ್ತೆ ಅಗಲ. ಹಾಗಾಗಿ ಬದಿ ಒಂದು ಕಮಾನಿನ ಹಾಗೆ ಒಳಗೆ ಬಾಗಿರುತ್ತದೆ. ಆ ಕಮಾನನ್ನು ಪೂರ್ತಿ ವೃತ್ತ ಮಾಡಿದರೆ ಎಷ್ಟು ತ್ರಿಜ್ಯ ಬರುತ್ತದೋ ಅದನ್ನು ಸ್ಕೀ ಮೇಲೆ ಬರೆದಿರುತ್ತಾರೆ. ನನ್ನದು 165 ಸೆಂಟಿಮೀಟರ್ ಉದ್ದ, ತ್ರಿಜ್ಯ 13 ಮೀಟರ್. ವಾಲಿಸಿ ಒತ್ತಿದಾಗ ಸ್ಕೀ ಬಾಗಿ ಆ ದಾರಿಯಲ್ಲೇ ತಾನಾಗಿ ಓಡುತ್ತದೆ. ಜಾಸ್ತಿ ವಾಲಿಸಿದಷ್ಟೂ ಸುತ್ತು ಚಿಕ್ಕದಾಗುತ್ತದೆ. ಲೆಕ್ಕದ ಪ್ರಕಾರ 60 ಡಿಗ್ರಿ ವಾಲಿಸಿದರೆ 13 ಮೀಟರ್ ಇದ್ದದ್ದು ಆರೂವರೆಗೆ ಇಳಿಯುತ್ತದೆ. ಅಷ್ಟು ವಾಲಿದಾಗ ಬೂಟಿನ ಬದಿಯೇ ಹಿಮಕ್ಕೆ ತಾಗಿ ಅಂಚು ಕಿತ್ತು ಬರಬಹುದು. ಅದಕ್ಕೇ ಇಂಥ ಸ್ಕೀಗಳಲ್ಲಿ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಕೆಳಗೆ ಒಂದು ಪ್ಲೇಟ್ ಕೂಡಿಸಿ ಬೂಟನ್ನು ಎತ್ತರಿಸಿರುತ್ತಾರೆ.

ನನಗೆ ಬಹಳ ಹಿಡಿಸಿದ ಮಾತು ರೋಣದ ಕಡೆ ಹೊಲ ಮಾಡುವ ನಮ್ಮ ಕಾಕಾನದು. ನಾನು ಇಳಿದು ಬಂದ ಮೇಲೆ ಹಿಂತಿರುಗಿ ತೆಗೆದ ಒಂದು ಫೋಟೋ ಇದೆ. ಕಾಕಾ ಅದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದ. "ಎರಡ ತಾಳಿನ ಕೂರಿಗಿ ಹೊಡದಂಗ ಐತಲ್ಲೋ. ಸಾಲು ಎಲ್ಲೂ ಕೆಟ್ಟಿಲ್ಲ ನೋಡು," ಅಂದ. ಹಿಮವನ್ನೇ ಕಾಣದ ಮನುಷ್ಯ ಒಂದೇ ನೋಟಕ್ಕೆ ಹಿಡಿದುಬಿಟ್ಟ! ಕಾರ್ವಿಂಗ್, ಅಂದರೆ ಜಾರದೆ ಅಂಚಿನ ಮೇಲೆಯೇ ತಿರುಗುವುದು, ಸರಿ ಬಂದಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು ಹೀಗೇ. ಅಂಚು ಹಿಡಿದಿದ್ದರೆ ಹಿಂದೆ ಎರಡು ಸಣ್ಣ ಗೆರೆಗಳು, ಮೊದಲಿನಿಂದ ಕೊನೆತನಕ ಸಮ. ಬಾಲ ಜಾರಿದ್ದರೆ ಅಲ್ಲಿ ಹಿಮ ಕೆರೆದು ಗೆರೆ ಅಗಲವಾಗಿರುತ್ತದೆ. ವಿಡಿಯೋ ಸುಳ್ಳು ಹೇಳಬಹುದು, ಗೆರೆ ಹೇಳುವುದಿಲ್ಲ.

ಈ ಆಕಾರ ಬಹಳ ಹಳೆಯದೇನಲ್ಲ. ಇನ್ಸ್‌ಬ್ರುಕ್‌ನಿಂದ ಕಾಣುವ ಪಾಚರ್‌ಕೋಫೆಲ್ ಗುಡ್ಡದಲ್ಲಿ 1976ರ ಒಲಿಂಪಿಕ್ಸ್ ಡೌನ್‌ಹಿಲ್ ಚಿನ್ನವನ್ನು ಫ್ರಾಂಜ್ ಕ್ಲಾಮರ್ ಗೆದ್ದಾಗ ಸ್ಕೀ ಅಂದರೆ ಎರಡು ಮೀಟರ್ ದಾಟಿದ, ಸುಮಾರು ನೇರವಾದ ಪಟ್ಟಿ. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಅನ್ನುವ ನಡು ಸಣ್ಣಗಿನ ಸ್ಕೀ ತಂದಿತು. ಕೆಲವೇ ವರ್ಷಗಳಲ್ಲಿ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಈಗ ಸ್ಲಾಲಮ್ (ನೆಟ್ಟ ಕೋಲುಗಳನ್ನು ಸುತ್ತಿ ತಿರುಗುತ್ತ ಇಳಿಯುವ) ಸ್ಪರ್ಧೆಯ ಗಂಡಸರ ಸ್ಕೀಗೆ ಇರಬೇಕಾದ ಕನಿಷ್ಠ ಉದ್ದವೇ 165 ಸೆಂಟಿಮೀಟರ್, ಹೆಂಗಸರಿಗೆ 155.

ಇಂಥ ಸ್ಕೀ ಆರೈಕೆ ಬೇಡುತ್ತದೆ. ಬದಿಯ ಅಂಚನ್ನು 87 ಅಥವಾ 88 ಡಿಗ್ರಿಗೆ ಅರ ಹಾಕಿ ಮಸೆಯಬೇಕು. ಮಸೆದದ್ದು ಸಾಕಾಯಿತಾ ಅಂತ ನೋಡಲು ಹೆಬ್ಬೆರಳಿನ ಉಗುರನ್ನು ಅಂಚಿಗೆ ಅಡ್ಡ ಎಳೆಯುತ್ತೇನೆ. ಉಗುರಿನ ಬಿಳಿ ಪುಡಿ ಅಂಚಿನ ಮೇಲೆ ಕೂತರೆ ಹರಿತ ಇದೆ ಅಂತ ಅರ್ಥ. ಮನೆಗೆ ಬಂದ ತಕ್ಷಣ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಚೀಲದಲ್ಲಿ ಒದ್ದೆ ಬಿಟ್ಟರೆ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ.

ಇನ್ನೊಂದು ಎಚ್ಚರಿಕೆ ಮನಸ್ಸಿಟ್ಟು ಹೇಳುತ್ತೇನೆ. ಕಾರ್ವಿಂಗ್ ಮಾಡುವಾಗ ಇಳಿಜಾರಿನ ಪೂರ್ತಿ ಅಗಲ ಬಳಸುತ್ತೇವೆ, ಕೆಲವು ಸಲ ಸುತ್ತು ಗುಡ್ಡದ ಮೇಲ್ಮುಖಕ್ಕೂ ಹೋಗುತ್ತದೆ. ಮುಂದೆ ಇರುವವರಿಗೆ ತೊಂದರೆ ಆಗದ ಹಾಗೆ ದಾರಿ ಆರಿಸಿಕೊಳ್ಳುವುದು ಹಿಂದಿನಿಂದ ಬರುವವರ ಜವಾಬ್ದಾರಿ ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಆದರೆ ಮೇಲಕ್ಕೆ ತಿರುಗುವವರು ಮೇಲೆ ಕೆಳಗೆ ನೋಡಿಯೇ ತಿರುಗಬೇಕು ಅಂತಲೂ ಅದೇ ನಿಯಮಾವಳಿ ಹೇಳುತ್ತದೆ. ಜನ ಜಾಸ್ತಿಯಾದ ಮೇಲೆ ನಾನು ದೊಡ್ಡ ಸುತ್ತು ಹಾಕುವುದೇ ಇಲ್ಲ.

ಧಾರವಾಡದಲ್ಲಿ ಓದುವ ಅಕ್ಕನ ಮಗ ಗೆಳೆಯರ ಜೊತೆ ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೊರಟಿದ್ದಾನೆ. "ಮಾಮಾ, ನಿನ್ನಂಥಾವ ಬಾಡಿಗಿಗೆ ಸಿಗ್ತಾವೇನು?" ಅಂತ ಕೇಳಿದ. ಬೇಡಪ್ಪಾ ಅಂದೆ. ಗಟ್ಟಿಯಾದ ಕಾರ್ವಿಂಗ್ ಸ್ಕೀ ಕಲಿಯುವವರಿಗೆ ಅಲ್ಲ. ಭಾರ ಸ್ವಲ್ಪ ಹಿಂದೆ ಹೋದರೂ ಅದು ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ಪೆಟ್ಟು ಮೊಣಕಾಲಿಗೆ. ಮೇಲಾಗಿ ಅಲ್ಲಿಯ ಗೊಂಡೋಲಾದ (ಕೇಬಲ್ ಕಾರಿನ) ಎರಡನೇ ಹಂತ ಸುಮಾರು 3,980 ಮೀಟರ್ ಎತ್ತರಕ್ಕೆ, ಅಫರ್ವಟ್‌ಗೆ ಹೋಗುತ್ತದೆ. ಅಲ್ಲಿರುವುದು ಯಂತ್ರ ಹಾಯಿಸದ ಆಳವಾದ ಹಿಮ, ಹಿಮ ಕುಸಿಯುವ ಅಪಾಯವೂ ಇದೆ. ಅಲ್ಲಿ ಅಗಲದ ಸ್ಕೀಯೇ ಸರಿ, ಅದೂ ಪಳಗಿದವರಿಗೆ ಮತ್ತು ಗೈಡ್ ಜೊತೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವನಾಗಿ ಗುರಿ ಮುಟ್ಟಿದ ಆರಿಫ್ ಖಾನ್ ಅದೇ ಸೀಮೆಯ ಹುಡುಗ. ಕಲಿಯಲಿಕ್ಕೆ ಜಾಗ ಚೆನ್ನಾಗಿದೆ.

ಅವನಿಗೆ ಹೇಳಿದ್ದು ಇಷ್ಟೇ: ಕೆಳಗಿನ ಇಳಿಜಾರಿನಲ್ಲೇ ಶುರು ಮಾಡು, ಮೆತ್ತಗಿನ, ನಿನ್ನ ಗದ್ದದ ಎತ್ತರದ ಸ್ಕೀ ತಗೋ, ಕಲಿಸುವವರು ಇರಲಿ. ಸ್ಕೀಗಿಂತ ಬೂಟು ಆರಿಸಲಿಕ್ಕೆ ಜಾಸ್ತಿ ಹೊತ್ತು ಕೊಡು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮೊಣಕಾಲು ಮುಂದೆ ಬಾಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಚಳಿ ಅಂತ ಎರಡು ಜೋಡಿ ಸಾಕ್ಸ್ ಹಾಕಬೇಡ, ಬೂಟಿನೊಳಗೆ ಕಾಲು ಹಿಡಿತ ತಪ್ಪುತ್ತದೆ, ರಕ್ತ ಸರಿಯಾಗಿ ಓಡದೆ ಚಳಿಯೂ ಜಾಸ್ತಿ ಆಗುತ್ತದೆ.